ಕರಾರಿನ ಕೋಣೆಯ ಜಂತಿಗಳು

ನಮ್ಮೂರಲ್ಲಿ ಸೀನುವವರೆಲ್ಲ ಬೀಗರು. ಊರವರು ಸೀನುವುದಿಲ್ಲ. ಹುಟ್ಟಿದ ಕೂಸು ಮೊದಲ ಸುಗ್ಗಿಯಲ್ಲೇ ಜೀವಮಾನಕ್ಕೆ ಆಗುವಷ್ಟು ಸೀನಿ ಮುಗಿಸಿಬಿಡುತ್ತದೆ. ಸುತ್ತಲ ಸೀಮೆಯ ಮೆಣಸಿನಕಾಯಿಯೆಲ್ಲ ಬಂದು ಬೀಳುವುದು ನಮ್ಮ ಸಾಹುಕಾರರ ವಖಾರಿಯಲ್ಲಿ. ಗಾಡಿ ಇಳಿಸುವವರು, ಚೀಲ ಹೊರುವವರು ಗಂಡಸರು. ಕೆಂಪು ರಾಶಿಯ ಸುತ್ತ ಕೂತು ಒಂದೊಂದೇ ಕಾಯಿಯ ತೊಟ್ಟು ಮುರಿಯುವವರು ಹೆಂಗಸರು. ವಖಾರಿಯ ಅಂಗಳದ ಮೂಲೆಯಲ್ಲಿ ಕರಾರಿನ ಕೋಣೆ ಇದೆ. ವರ್ಷಕ್ಕೊಮ್ಮೆ, ಹೊಸ ಕಾಯಿ ಬರುವ ಮುಂಚೆ, ಸಾಹುಕಾರರ ಕಡೆಯವರೂ ನಮ್ಮ ಸಂಘದವರೂ ಆ ಕೋಣೆಯಲ್ಲಿ ಸೇರಿ ಆ ವರ್ಷದ ಕೆಲಸದ ಕರಾರು ಮಾತಾಡಬೇಕು. ಆ ಕೋಣೆಯ ಮಾಳಿಗೆ ಏರುತ್ತದೆ, ಇಳಿಯುತ್ತದೆ. ಅಂಗಳದಲ್ಲಿ ನಮ್ಮವರು ಎಷ್ಟು ಜನ ಬಂದು ನಿಂತರೋ ಜಂತಿಗಳು ಅಷ್ಟು ಮೇಲೆ. ಜನ ಕರಗಿದರೆ ಜಂತಿಗಳು ಕಿರುಗುಟ್ಟುತ್ತ ಇಳಿದು ತಲೆಗೆ ತಾಗುತ್ತವೆ. ಹಿಂದಿನಿಂದ ಹೀಗೇ ನಡೆದು ಬಂದದ್ದು.

ಕೋಣೆಗೆ ಅದರದೇ ರೀತಿ ರಿವಾಜು. ನಮ್ಮ ಕಡೆಯಿಂದ ಮಾತಾಡುವವರು ನಿಂತೇ ಮಾತಾಡಬೇಕು. ಅವರು ನೆಲಕ್ಕೆ ಕೂತರೆಂದರೆ ಎದುರಿನವರು ಹೇಳಿದ್ದಕ್ಕೆ ಒಪ್ಪಿದರು ಎಂದೇ ಅರ್ಥ. ಸಹಿ ಇಲ್ಲ, ಹೆಬ್ಬೆಟ್ಟು ಇಲ್ಲ, ಕೂತರೆ ಮುಗಿಯಿತು. ಹೊತ್ತು ಮುಳುಗುವವರೆಗೂ ಕೂರದೆ ನಿಂತರೆ ಮಾತು ಮರುದಿನಕ್ಕೆ ಹೋಗುತ್ತದೆ, ಅಲ್ಲಿಯವರೆಗೆ ಹಳೆಯ ಕರಾರೇ ಖರೆ. ಮಾತಾಡುವವರ ಗಂಟಲು ಆರಬಾರದೆಂದು ವಖಾರಿಯ ನೀರಿನವಳು ಕೊಡ ಹೊತ್ತು ಜೋಡಿಗೆ ಹೋಗುತ್ತಾಳೆ. ಅವಳು ನಿಂತರೂ ಅಷ್ಟೇ, ಕೂತರೂ ಅಷ್ಟೇ. ಅವಳು ಕೂತದ್ದನ್ನು ಯಾರೂ ಒಪ್ಪಿಗೆಯೆಂದು ಹಿಡಿಯುವುದಿಲ್ಲ. ಆ ನೀರಿನವಳು ನಾನು. ರುದ್ರವ್ವನ ಜೋಡಿ ಒಳಗೆ ಹೋದವಳೂ ನಾನೇ.

ರುದ್ರವ್ವನಿಗಿಂತ ಮೊದಲು ನಮ್ಮ ಪರವಾಗಿ ಮಾತಾಡುತ್ತಿದ್ದವನು ಹಮಾಲ ದಾವಲಸಾಬ. ಆಳು ಉದ್ದ, ಮಾತು ಗಿಡ್ಡ. ಅವನ ಕಾಲದಲ್ಲಿ ಒಂದು ವರ್ಷ ಊರಿಗೆ ಊರೇ ಅಂಗಳಕ್ಕೆ ಬಂದಿತ್ತು. ಬಾಣಂತಿಯರು ಬಂದಿದ್ದರು, ಹೊರಸಿನ ಮೇಲೆ ಮಲಗಿದ್ದ ಮುದುಕರನ್ನು ಹೊರಸಿನ ಸಮೇತ ಹೊತ್ತು ತಂದಿದ್ದರು. ಜಂತಿಗಳು ಏರಿ ಏರಿ, ಗೋಡೆಯ ಮೇಲ್ಭಾಗದಲ್ಲಿ ಇವೆಯೆಂದು ಹಿರಿಯರು ಹೇಳುತ್ತಿದ್ದ ಕಿಟಕಿಗಳ ಸಾಲು ಕಣ್ಣಿಗೆ ಬಿತ್ತು. ಆ ಕಿಟಕಿಗಳಿಂದ ಅಂಗಳದ ಗದ್ದಲವೆಲ್ಲ ಒಳಗೆ ಸುರಿಯಿತು. ಪಾರಿವಾಳ ಒಳಗೆ ಬಂದು ಜಂತಿಯ ಮೇಲೆ ಕೂತು ಸಾಹುಕಾರರ ದಿವಾಣಜಿಯ ಟೊಪ್ಪಿಗೆಯ ಮೇಲೆ ಹಿಕ್ಕೆ ಹಾಕಿತು. ದಾವಲಸಾಬ ಅವತ್ತು ಹೆಚ್ಚು ಮಾತೇ ಆಡಲಿಲ್ಲ. ಮೆಣಸಿನಕಾಯಿಯ ರಾಶಿ ಇನ್ನು ಮೇಲೆ ಬಿಸಿಲಲ್ಲಲ್ಲ, ಚಪ್ಪರದ ಕೆಳಗೆ ಎಂದು ಕೇಳಿದ. ಕೂಸಿರುವ ತಾಯಂದಿರು ಚಪ್ಪರದ ಕಂಬಕ್ಕೆ ಜೋಳಿಗೆ ಕಟ್ಟಿ ಕೂಸು ಮಲಗಿಸಿಕೊಂಡೇ ತೊಟ್ಟು ಮುರಿಯುತ್ತಾರೆ ಎಂದ. ದಿವಾಣಜಿ ಟೊಪ್ಪಿಗೆ ಒರೆಸಿಕೊಳ್ಳುತ್ತ ಹೂಂ ಎಂದ. ಇವತ್ತಿಗೂ ನಮ್ಮೂರ ಹೆಂಗಸರು ಮಕ್ಕಳನ್ನು ತೂಗುವಾಗ ಆ ಪಾರಿವಾಳದ ಹಾಡು ಹೇಳುತ್ತಾರೆ.

ಅಲ್ಲಿಂದ ಮುಂದೆ ನಡೆದದ್ದು ಹಾಡಲ್ಲಿ ಇಲ್ಲ. ಅಷ್ಟು ಜನ ಬೇಕಾಗಿರಲಿಲ್ಲ ಎಂದು ಮರುವರ್ಷ ಮೊದಲು ಅಂದವರು ಯಾರೋ ನೆನಪಿಲ್ಲ. ದಾವಲಸಾಬನ ರುಮಾಲಿಗೆ ತಾಗದಿದ್ದರೆ ಸಾಕಲ್ಲ, ಅದಕ್ಕೆ ಅರ್ಧ ಊರು ಸಾಕು ಎಂದರು. ಅರ್ಧ ಊರು ಬಂತು, ರುಮಾಲಿಗೆ ತಾಗಲಿಲ್ಲ. ಆಮೇಲೆ ಓಣಿಗೊಂದಿಷ್ಟು ಜನವೆಂದು ಪಾಳಿ ಹಚ್ಚಿದರು. ಪಾಳಿ ಇದ್ದವರು ಪಾಳಿ ಇಲ್ಲದವರನ್ನು ನೋಡಿ ತಾವೂ ಮನೆಯಲ್ಲುಳಿದರು. ಒಬ್ಬ ತನ್ನ ಅಂಗಿಯನ್ನು ಬೇಲಿಗೆ ನೇತುಹಾಕಿ ಹೋದ, ಇನ್ನೊಬ್ಬಳು ಚಪ್ಪಲಿ ಬಿಟ್ಟು ಹೋದಳು. ಜಂತಿಗಳು ಅಂಗಿ ಚಪ್ಪಲಿಗಳಿಗೆ ಮರುಳಾಗುವಂಥವಲ್ಲ. ಸಂಘದ ಸಭೆಯಲ್ಲಿ ಗೂಳಪ್ಪ ಎದ್ದು ನಿಂತು, "ಕಾಕಾ, ರುಮಾಲ ಮನ್ಯಾಗ ಬಿಚ್ಚಿಟ್ಟು ಹೋದ್ರ ಹೆಂಗ?" ಎಂದ. ಗೂಳಪ್ಪ ವಖಾರಿಯ ತಕ್ಕಡಿ ಹಿಡಿಯುವವನು. ನಾಲಗೆಯಲ್ಲಿ ಖಾರ ಉಂಟು, ಕಾಲಲ್ಲಿ ಕಸುವಿಲ್ಲ. ದಾವಲಸಾಬ ರುಮಾಲು ಬಿಚ್ಚಿಟ್ಟು ಹೋದ. ಮುಂದಿನ ವರ್ಷ ಕುತ್ತಿಗೆ ಬಗ್ಗಿಸಿ ನಿಂತ. ಅದರ ಮುಂದಿನ ವರ್ಷ ಸೊಂಟ ಬಗ್ಗಿಸಿ ನಿಂತ. ಬಗ್ಗಿ ನಿಂತವನ ಮಾತು ನೆಲಕ್ಕೆ ಬೀಳುತ್ತದೆ, ಎದುರಿದ್ದವನ ಮುಖಕ್ಕೆ ಹೋಗುವುದಿಲ್ಲ. ಇದನ್ನು ನಾನು ಕೊಡ ಹಿಡಿದು ಪಕ್ಕದಲ್ಲೇ ನಿಂತು ನೋಡಿದ್ದೇನೆ. ದಿವಾಣಜಿ ಆಗಲೇ ಕುರ್ಚಿ ತೆಗೆಸಿ ಗಾದಿ ಹಾಕಿಸಿದ್ದ. ಲೋಡಿಗೆ ಒರಗಿ ಕೂತವನಿಗೆ ಮಾಳಿಗೆ ಎಷ್ಟು ಇಳಿದರೇನು.

ದಾವಲಸಾಬನ ಸೊಂಟ ಹೋಯಿತು. ಹೊಸಬರನ್ನು ಆರಿಸಲು ಸಭೆ ಸೇರಿದಾಗ ಬಂದವರೇ ಬೆರಳೆಣಿಕೆ. ಗೂಳಪ್ಪನೇ ಮತ್ತೆ ಎದ್ದ. "ನಾವು ಉದ್ದನ್ನವರನ್ನ ಕಳಿಸೂದs ತಪ್ಪು. ಗಿಡ್ಡ ಇದ್ದವರನ್ನ ಕಳಿಸೂಣು. ಜಂತಿ ಎಷ್ಟ ಇಳಿದ್ರೂ ತಲೀ ಬಗ್ಗಂಗಿಲ್ಲ. ನಮಗೂ ಬಿಸಲಾಗ ನಿಲ್ಲೂದು ತಪ್ಪತೈತಿ."

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಎಲ್ಲರ ಕಣ್ಣೂ ರುದ್ರವ್ವನ ಕಡೆ ತಿರುಗಿತು.

ರುದ್ರವ್ವ ನನ್ನ ಪಕ್ಕದ ಮನೆಯವಳು, ನಡುವೆ ಒಂದೇ ಗೋಡೆ. ಹೆಸರು ಕೇಳಿದವರು ಆರಡಿಯ ಹೆಂಗಸನ್ನು ನೆನೆಸಿಕೊಂಡು ಬಂದರೆ, ಬಾಗಿಲಲ್ಲಿ ನಿಂತವಳು ಅವರ ಎದೆಗೂ ಬರುವುದಿಲ್ಲ. ಮದುವೆಯಲ್ಲಿ ಗಂಡ ಮೈಲಾರಿಗೆ ಮಾಲೆ ಹಾಕಲು ಅವಳನ್ನು ಒರಳಿನ ಮೇಲೆ ನಿಲ್ಲಿಸಿದ್ದರು. ಅದನ್ನು ಹೇಳಿ ಕಾಡಿಸಿದವರಿಗೆಲ್ಲ, "ಒಳ್ಳಿನ ಮ್ಯಾಲೆ ನಿಂತಾಕಿ ನಾನು. ಕುಟ್ಟಿಸಿಕೊಂಡೀರಿ ನೀವು, ನೋಡ್ಕೋರಿ," ಎನ್ನುತ್ತಿದ್ದಳು. ರಾಶಿಯ ಎದುರು ಕೂತರೆ ಅವಳ ಕೈಯಷ್ಟೇ ಬಾಯಿಯೂ ಓಡುತ್ತಿತ್ತು. ಆದರೆ ಸಭೆಯಲ್ಲಿ ಅವಳನ್ನು ಯಾರೂ ಏನೂ ಕೇಳಿದ್ದಿಲ್ಲ. ಹುಟ್ಟಿದಾಗಿನಿಂದ ಊರು ಅವಳ ತಲೆಯ ಮೇಲಿನಿಂದ ಆಚೆ ನೋಡಿಯೇ ಮಾತಾಡಿತ್ತು. ಅವತ್ತು ಮೊದಲ ಸಲ ಅವಳ ಮುಖ ನೋಡಿ ಮಾತಾಡಿತು. ಅವಳ ಕಣ್ಣು ಹೊಳೆದದ್ದನ್ನು ನಾನು ಕಂಡೆ. ಅದನ್ನು ತಪ್ಪೆನ್ನಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ.

ಮೊದಲ ವರ್ಷ ಅಂಗಳದಲ್ಲಿ ಒಂದು ಓಣಿಯಷ್ಟು ಜನ. ಜಂತಿಗಳು ನನ್ನ ಬೆನ್ನು ಬಗ್ಗಿಸಿದವು, ರುದ್ರವ್ವನ ನೆತ್ತಿಯ ಮೇಲೆ ಮಾತ್ರ ಒಂದು ಗೇಣು ಬಿಟ್ಟು ನಿಂತವು. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ, ತಲೆಯೆತ್ತಿ, ದಿವಾಣಜಿಯ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದಳು. ತೊಟ್ಟು ಮುರಿಯುವವರಿಗೆ ಕೂರಲು ಗೋಣಿತಟ್ಟು ಬೇಕೆಂದಳು. ದಿವಾಣಜಿ ತಡಮಾಡದೆ ಒಪ್ಪಿದ. ವಖಾರಿಯ ಹಿಂದೆ ಹರಿದ ಗೋಣಿಗಳು ರಾಶಿ ಬಿದ್ದು ಇಲಿ ಸಾಕುತ್ತಿದ್ದವು. ಆಮೇಲೆ ತಾನಾಗಿಯೇ, "ನೋಡ್ ರುದ್ರವ್ವಾ, ನೀ ಇಷ್ಟ ಚಂದಾಗಿ ಮಾತಾಡಿದಿ. ನನ್ನ ಕಡಿಯಿಂದ ಒಂದು ಕೊಡತೀನಿ. ಇನ್ನ ಮ್ಯಾಲೆ ಕರಾರಿನ ದಿವಸ ಎಲ್ಲಾರಿಗೂ ರಜಾ. ಪಗಾರ ಹಿಡಿಯಂಗಿಲ್ಲ," ಎಂದ.

ರುದ್ರವ್ವ ಹೊರಗೆ ಬಂದು ಹೇಳಿದಾಗ ಹಲಗೆ ಬಾರಿಸಿದರು. ಅವಳನ್ನು ಗೂಳಪ್ಪ ಹೆಗಲ ಮೇಲೆ ಕೂರಿಸಿಕೊಂಡು ಊರಾಡಿದ. ಇಷ್ಟೇ ಜನ ನಿಂತು, ತಲೆ ಬಗ್ಗದೆ, ರಜೆ ಗೆದ್ದು ಬಂದಳು ಎಂದು ಮನೆಮನೆಯಲ್ಲಿ ಮಾತಾಯಿತು. ದಾವಲಸಾಬ ತನ್ನ ಮನೆಯ ಕಟ್ಟೆಯ ಮೇಲೆ ಕೋಲು ಹಿಡಿದು ಕೂತಿದ್ದ. ಮೆರವಣಿಗೆ ಎದುರಿಗೆ ಬಂದಾಗ ರುದ್ರವ್ವ ಗೂಳಪ್ಪನ ಹೆಗಲಿನಿಂದಲೇ, "ಕಾಕಾ, ಬಗ್ಗಲಿಲ್ಲ ನೋಡು," ಎಂದು ಕೂಗಿದಳು.

"ಕಿಡಕಿ ಕಂಡ್ವೇನವಾ?" ಎಂದು ಕೇಳಿದ ಮುದುಕ.

ಹಲಗೆಯ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲವೆಂದು ಆಮೇಲೆ ಹೇಳಿದಳು. ಕೇಳಿಸಿತ್ತು ಎಂದು ಇನ್ನೂ ಆಮೇಲೆ ಹೇಳಿದಳು.

ಮರುವರ್ಷ ರಜೆ. ರಜೆಯೆಂದರೆ ತವರಿಗೆ ಹೋಗುವವರು ತವರಿಗೆ, ಸಂತೆಗೆ ಹೋಗುವವರು ಸಂತೆಗೆ, ಮಲಗುವವರು ಮಲಗಲಿಕ್ಕೆ. ಬೆಳಗಿನಲ್ಲಿ ಕೆಲವು ಹೆಂಗಸರು ರುದ್ರವ್ವನ ಮನೆಗೆ ಬಂದು ನಾಚಿಕೊಂಡು, "ಬರಬೇಕಂತ ಇತ್ತು, ಆದ್ರ ಮನ್ಯಾಗ…" ಎಂದು ಅರ್ಧಕ್ಕೆ ನಿಲ್ಲಿಸಿದರು. ರುದ್ರವ್ವ ಆಗ ಏಳು ತಿಂಗಳ ಬಸುರಿ. ಬಾಗಿಲಿಗೆ ಒರಗಿ ನಿಂತು, "ಹೋಗ್ರಿ, ನಿಮ್ಮ ನಿಮ್ಮ ಕೆಲಸ ನೋಡ್ಕೋರಿ. ನಾ ಅದೀನಲ್ಲ," ಎಂದಳು. ಪ್ರೀತಿಯಿಂದಲೇ ಅಂದಳು. ಬಿಸಿಲಲ್ಲಿ ಬೆಂದ ಹೆಂಗಸರಿಗೆ ವರ್ಷಕ್ಕೊಂದು ದಿನ ಸಿಕ್ಕಿದೆ, ಅದನ್ನೂ ತಾನು ಕಿತ್ತುಕೊಳ್ಳಬೇಕೇ ಎಂಬುದು ಒಂದು. ತಾನೊಬ್ಬಳೇ ಸಾಕೆಂಬ ಹಮ್ಮು ಇನ್ನೊಂದು. ಎರಡೂ ಒಂದೇ ಸೆರಗಿನಲ್ಲಿ ಗಂಟುಬಿದ್ದಿದ್ದವು. ಆ ವರ್ಷದ ಕರಾರು ಹಳೆಯದೇ. ಏನೂ ಸಿಗಲಿಲ್ಲ, ಏನೂ ಹೋಗಲಿಲ್ಲ. ಏನೂ ಹೋಗದ್ದಕ್ಕೆ ಊರು ಸಂತೋಷಪಟ್ಟಿತು.

ಆಮೇಲೆ ಚಂಪಿ ಹುಟ್ಟಿದಳು. ಬಾಣಂತನ ಮುಗಿಸಿ ರುದ್ರವ್ವ ಸುಗ್ಗಿಯ ನಡುವೆ ವಖಾರಿಗೆ ಬಂದು ಚಪ್ಪರದ ಕಂಬಕ್ಕೆ ಜೋಳಿಗೆ ಕಟ್ಟಿದಳು. ಮೆಣಸಿನಕಾಯಿ ಮುರಿದ ಕೈ ನೀರಿಗೆ ಬಗ್ಗುವುದಿಲ್ಲ. ಎಣ್ಣೆ ಹಚ್ಚಿ ತಿಕ್ಕಬೇಕು, ಬೂದಿ ಹಾಕಿ ತೊಳೆಯಬೇಕು, ಮತ್ತೆ ಎಣ್ಣೆ ಹಚ್ಚಬೇಕು. ಅಷ್ಟು ಹೊತ್ತು ರಾಶಿ ಬಿಟ್ಟು ಎದ್ದರೆ ಮೇಸ್ತ್ರಿಯ ಬಾಯಿ ಕೇಳಬೇಕು. ಒಂದು ದಿನ ಅವಸರದಲ್ಲಿ ಸೆರಗಿಗೆ ಕೈಯೊರೆಸಿ ಕೂಸನ್ನು ಎತ್ತಿಕೊಂಡಳು. ಉಗುರಿನ ಸಂದಿಯಲ್ಲಿದ್ದದ್ದು ಕೂಸಿನ ತುಟಿಗೆ ತಾಗಿತು, ತುಟಿಯಿಂದ ಕಣ್ಣಿಗೆ ಹೋಯಿತು. ಚಂಪಿ ಅತ್ತ ಅಳುವಿಗೆ ಇಡೀ ಚಪ್ಪರದ ಕೈಗಳು ನಿಂತವು. ಅವತ್ತಿನಿಂದ ಕೂಸಿಗೆ ಹಾಲು ಕೊಡುವಾಗ ರುದ್ರವ್ವ ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು ಕೂರುತ್ತಿದ್ದಳು. ನೀರಿನವಳ ಕೈಗೆ ಖಾರವಿಲ್ಲವಲ್ಲ, ಕೂಸನ್ನು ಅವಳ ಎದೆಗೆ ನಾನು ಹಿಡಿಯುತ್ತಿದ್ದೆ. ಕಳ್ಳತನ ಮಾಡಿದವರನ್ನು ಹಿಂಗೈ ಕಟ್ಟಿ ಕೂರಿಸುತ್ತಾರಲ್ಲ, ಹಾಗೆ ಕೂತು ಮಗಳನ್ನು ಬರೀ ಕಣ್ಣಿಂದ ಮುಟ್ಟುತ್ತಿದ್ದಳು.

"ಯಕ್ಕಾ," ಎಂದಳು ಒಂದು ದಿನ, "ಈ ಸಲ ಕರಾರಿನಾಗ ಒಂದs ಕೇಳತೀನಿ. ಕೂಸಿದ್ದಾಕಿಗೆ ಕೈ ತೊಳಿಯೋ ಹೊತ್ತು. ಮುಂಜಾನಿ ಒಮ್ಮೆ, ಮಧ್ಯಾಹ್ನ ಒಮ್ಮೆ. ಎಣ್ಣಿ ಅವರದು, ಬೂದಿ ನಮ್ಮದು. ಅಷ್ಟs. ಅದನ್ನ ತಗೊಂಡs ಹೊರಗ ಬರತೀನಿ."

"ಜನಾ?" ಎಂದೆ.

"ನಾ ಬಗ್ಗೂದಿಲ್ಲಂತ ದಿವಾಣಜಿಗೆ ಗೊತ್ತೈತಿ ಬಿಡು."

ಕರಾರಿನ ದಿನ ಬಂತು. ಸಂತೆಯೂ ಅವತ್ತೇ. ದಿವಾಣಜಿ ಹುಡುಕಿ ಹಾಕಿಸಿದ ದಿನವೋ, ತಾನಾಗಿ ಒದಗಿದ್ದೋ ಯಾರೂ ಕೇಳಲಿಲ್ಲ. ಅಂಗಳದಲ್ಲಿ ಕೋಲೂರಿ ದಾವಲಸಾಬ, ಅವನ ಜೋಡಿ ಹರಟೆಗೆ ಬಂದ ಮುದುಕಿಯರು, ಕುಡಿದದ್ದು ಇಳಿಯದೆ ಮನೆಗೆ ಹೋಗಲು ಹೆದರಿದ ಹಮಾಲರಿಬ್ಬರು, ಚಂಪಿಯನ್ನು ಹೆಗಲಿಗೆ ಹಾಕಿಕೊಂಡ ಮೈಲಾರಿ. ಗೂಳಪ್ಪ ಸೈಕಲ್ಲಿನ ಮೇಲೆ ಸಂತೆಗೆ ಹೋಗುತ್ತ ಗೇಟಿನ ಹತ್ತಿರ ಗಂಟೆ ಬಾರಿಸಿ, "ರುದ್ರವ್ವಾ, ಬರೂ ಮುಂದ ಮೈಸೂರಪಾಕ ತರತೀನಿ," ಎಂದು ಕೂಗಿ ಹೋದ. ಒಳಗೆ ಹೋಗುವ ಮುಂಚೆ ರುದ್ರವ್ವ ಮಗಳ ಹತ್ತಿರ ಹೋದಳು. ಅವತ್ತು ಕೆಲಸವಿಲ್ಲ, ಕೈಯಲ್ಲಿ ಖಾರವಿಲ್ಲ. ಆದರೂ ರೂಢಿಯಂತೆ ಕೈ ಹಿಂದಕ್ಕೆ ಇಟ್ಟುಕೊಂಡೇ ಕೂಸಿನ ನೆತ್ತಿ ಮೂಸಿದಳು.

ಕೋಣೆಯೊಳಗೆ ನಾನು ಮಂಡಿಯವರೆಗೆ ಬಗ್ಗಿ ಹೋಗಿ ಕುಕ್ಕುರುಗಾಲಲ್ಲಿ ಕೂತೆ. ರುದ್ರವ್ವ ನಿಂತಳು. ಜಂತಿ ಅವಳ ತುರುಬಿಗೆ ತಾಗಿಯೂ ತಾಗದ ಹಾಗೆ ಇತ್ತು. ಗಾಳಿ ಇರಲಿಲ್ಲ. ದಿವಾಣಜಿ ಲೋಡಿಗೆ ಒರಗಿ, ಪಕ್ಕದಲ್ಲಿ ದೀಪ ಹಚ್ಚಿಸಿಕೊಂಡು ಎಲೆ ಮಡಚುತ್ತಿದ್ದ. ನಡುಹಗಲಿನಲ್ಲಿ ದೀಪ.

"ಹೇಳವಾ," ಎಂದ.

ಅವಳು ಹೇಳಿದಳು. ಕೂಸಿದ್ದವರಿಗೆ ಕೈ ತೊಳೆಯುವ ಹೊತ್ತು, ಎಣ್ಣೆ. ಚಂಪಿಯ ಕಣ್ಣಿನ ಸಂಗತಿ ಹೇಳಿದಳು. ಬೆನ್ನ ಹಿಂದಿನ ಕೈಯ ಸಂಗತಿ ಹೇಳಿದಳು. ಕಟೆದಿಟ್ಟ ಹಾಗಿತ್ತು ಮಾತು, ಒಂದು ಶಬ್ದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ನನ್ನ ಕಣ್ಣು ತುಂಬಿತು. ದಿವಾಣಜಿಯೂ ಎಲೆ ಅಗಿಯುವುದನ್ನು ನಿಲ್ಲಿಸಿ ಕೇಳಿದ.

"ಖರೆ ಐತಿ," ಎಂದ. "ಪಾಪ, ಕೂಸಿಗೆ ತ್ರಾಸು. ನನಗೂ ಮೊಮ್ಮಕ್ಕಳದಾವ. ಇದನ್ನ ಯಾರ್‍ಯಾರು ಕೇಳಾಕತ್ತೀರಿ?"

"ಎಲ್ಲಾರೂ."

"ಎಲ್ಲದಾರ?"

ರುದ್ರವ್ವ ಅಂಗಳದ ಕಡೆಯ ಗೋಡೆಗೆ ಕೈ ತೋರಿಸಿದಳು. ಅಲ್ಲಿ ಕಿಟಕಿ ಇರಲಿಲ್ಲ. ಮಾಳಿಗೆಯ ಮೇಲೆಲ್ಲೋ ಉಳಿದುಬಿಟ್ಟಿದ್ದವು. ಸುಣ್ಣದ ಗೋಡೆಯ ಮೇಲೆ ದೀಪದ ಬೆಳಕಿಗೆ ಅವಳ ನೆರಳು ಮಾತ್ರ ಇತ್ತು, ಅವಳಿಗಿಂತ ದೊಡ್ಡದು.

"ಕೂಸಿಗೆ ಖಾರ ತಾಗಬಾರದು ಅಂದ್ರ ಒಂದು ಹಾದಿ ಐತಿ," ಎಂದ ದಿವಾಣಜಿ, ಬಹಳ ಮೆಲ್ಲಗೆ. "ಕೂಸು ವಖಾರಿಗೆ ಬರಬಾರದು. ಜೋಳಿಗಿ ಬಿಚ್ಚಿಬಿಡೂಣು. ಕೂಸಿದ್ದಾಕಿ ಕೂಸು ದೊಡ್ಡದಾದ ಮ್ಯಾಲೆ ಕೆಲಸಕ್ಕ ಬರಲಿ, ಇಲ್ಲಾ ಕೂಸನ್ನ ಮನ್ಯಾಗ ಬಿಟ್ಟು ಬರಲಿ. ಸಾಹುಕಾರರದೂ ಅದs ಮಾತು."

"ಜೋಳಿಗಿ ದಾವಲಸಾಬ ಕಾಕಾ ತಗೊಂಡದ್ದು," ಎಂದಳು ರುದ್ರವ್ವ.

"ಹೌದು. ಅವತ್ತ ನನ್ನ ಟೊಪಗಿ ಮ್ಯಾಲೆ ಪಾರಿವಾಳ ಹೇತಿತ್ತು. ಇವತ್ತ ಪಾರಿವಾಳ ಕಾಣವಲ್ಲದು."

ಅವಳು ಕೂರಲಿಲ್ಲ. ಕೂರದಿದ್ದರೆ ಜೋಳಿಗೆ ಉಳಿಯುತ್ತದೆ. ಹೊತ್ತು ಮುಳುಗುವವರೆಗೆ ನಿಂತರೆ ಸಾಕು, ಸಂತೆಯಿಂದ ಜನ ಬರುತ್ತಾರೆ, ಹೇಳಬಹುದು, ನಾಳೆ ಅಂಗಳ ತುಂಬಿಸಬಹುದು. ಅವಳ ಮನಸ್ಸಿನಲ್ಲಿ ಓಡುತ್ತಿದ್ದದ್ದು ನನಗೆ ಕಾಣುತ್ತಿತ್ತು, ನನ್ನ ಮನಸ್ಸಿನಲ್ಲೂ ಅದೇ. ನೀರು ಕೊಟ್ಟೆ, ಕುಡಿದಳು. ದಿವಾಣಜಿ ಕಣ್ಣು ಮುಚ್ಚಿದ, ಗೊರಕೆ ಹೊಡೆದ, ಎದ್ದ, ಮತ್ತೆ ಎಲೆ ಮಡಚಿದ. ಸೆಕೆಗೆ ದೀಪವೇ ಸಣ್ಣಗಾಯಿತು. ಮಾಳಿಗೆಯ ಮೇಲೊಮ್ಮೆ ಕಿರುಗುಟ್ಟುವ ಸದ್ದಾಯಿತು, ಜಂತಿ ಅವಳ ತುರುಬನ್ನು ಒತ್ತಿತು. ಹಮಾಲರಿಗೆ ಕುಡಿದದ್ದು ಇಳಿದಿರಬೇಕು. ಅವಳು ತುರುಬು ಬಿಚ್ಚಿ ಕೂದಲು ಬೆನ್ನಿಗೆ ಬಿಟ್ಟಳು. ಮತ್ತೊಂದು ಕಿರುಗು. ಮುದುಕಿಯರಿಗೆ ಬಿಸಿಲು ಹತ್ತಿರಬೇಕು. ಈಗ ಜಂತಿ ಅವಳ ನೆತ್ತಿಯ ಮೇಲೇ ಕೂತಿತ್ತು. ಕುತ್ತಿಗೆಯ ನರ ಹಗ್ಗದಂತೆ ಎದ್ದವು. ಜೀವಮಾನದಲ್ಲಿ ಮೊದಲ ಸಲ ಅವಳ ತಲೆಗೆ ಏನೋ ತಾಗಿತ್ತು. ಬಾಗಿಲ ಚೌಕಟ್ಟಾಗಲಿ ಹಗ್ಗಕ್ಕೆ ಹಾಕಿದ ಬಟ್ಟೆಯಾಗಲಿ ತಾಗಿ ಗೊತ್ತಿಲ್ಲದ ತಲೆ ಅದು. ಬಗ್ಗುವುದು ಹೇಗೆಂದು ಅದಕ್ಕೆ ತಿಳಿಯಲೇ ಇಲ್ಲ. ದಾವಲಸಾಬ ವರ್ಷಗಟ್ಟಲೆ ಬಗ್ಗಿಯೂ ಕೂರದೆ ನಿಂತಿದ್ದ. ಇವಳಿಗೆ ನೆಟ್ಟಗೆ ನಿಲ್ಲುವುದೊಂದೇ ವಿದ್ಯೆ.

"ಅವರು ಅದಾರೇನಕ್ಕಾ ಹೊರಗ?" ಎಂದು ನನ್ನನ್ನು ಕೇಳಿದಳು.

"ಮೈಲಾರಿ ಅದಾನ," ಎಂದೆ. "ಕಾಕಾ ಅದಾನ."

ಹೊರಗೆ ಚಂಪಿಗೆ ಹಸಿವಾಗಿತ್ತು. ಇದು ನಮಗೆ ಆಮೇಲೆ ತಿಳಿದದ್ದು. ಕೂಸು ಅತ್ತು ಅತ್ತು ನೀಲಿಯಾಯಿತು. ಮೈಲಾರಿ ಕೋಣೆಯ ಗೋಡೆಗೆ ಬಾಯಿ ಹಚ್ಚಿ ಹೆಂಡತಿಯನ್ನು ಕೂಗಿದನಂತೆ, ಕಿಟಕಿಯಿಲ್ಲದ ಗೋಡೆಗೆ ಏನು ಕೇಳಬೇಕು. ದಾವಲಸಾಬ, "ತಡೀಯಪ್ಪಾ, ಒಂಚೂರು ಹೊತ್ತು ಉಳದೈತಿ," ಎಂದನಂತೆ. ಮೈಲಾರಿ, "ಒಳಗ ಅಕಿ ಅದಾಳ ಬಿಡು ಕಾಕಾ. ಅಕಿ ಎಂದರ ಬಗ್ಗ್ಯಾಳೇನು," ಎಂದು ಹಾಲು ಹುಡುಕಿಕೊಂಡು ಮನೆಯ ಕಡೆ ನಡೆದನಂತೆ. ಹೆಂಡತಿಯ ಮೇಲೆ ಅಂಥ ನಂಬಿಕೆ ಅವನಿಗೆ.

ಅವನು ಗೇಟು ದಾಟಿದಾಗ ಒಳಗೆ ಜಂತಿಗಳು ಒಮ್ಮೆಲೇ ಇಳಿದವು, ಒಬ್ಬ ಮನುಷ್ಯನಷ್ಟಲ್ಲ, ಅದಕ್ಕಿಂತ ಹೆಚ್ಚು. ಹೆಗಲ ಮೇಲಿನ ಕೂಸೂ ಲೆಕ್ಕಕ್ಕಿತ್ತು ಎಂಬುದು ಯಾರಿಗೂ ಹೊಳೆದಿರಲಿಲ್ಲ. ರುದ್ರವ್ವ ಮಂಡಿಗೆ ಬಂದಳು. "ಇದು ಕುಂತಂಗಲ್ಲ, ನಾ ಕುಂತಿಲ್ಲ," ಎಂದಳು. ದಿವಾಣಜಿ, "ಅಲ್ಲ, ಅಲ್ಲ, ನೀ ಕುಂತಿಲ್ಲ," ಎಂದು ಒಪ್ಪಿದ. ಕಾಯುವುದರಲ್ಲಿ ಅವನಿಗೆ ಅವಸರವಿರಲಿಲ್ಲ. ನಾನು ಕೊಡ ಬಿಟ್ಟು ಎರಡೂ ಕೈಯಿಂದ ಜಂತಿಯನ್ನು ಮೇಲಕ್ಕೊತ್ತಿದೆ. ನೀರಿನವಳು ಒಳಗಿದ್ದರೆ ಲೆಕ್ಕಕ್ಕಿಲ್ಲ, ಹೊರಗಿದ್ದರಷ್ಟೇ ಅವಳೂ ಒಬ್ಬಳು. ನಾನು ಹೊರಗೆ ಓಡುತ್ತೇನೆಂದು ಬಾಗಿಲ ಕಡೆ ತೆವಳಿದೆ. ಬಾಗಿಲು ಅರ್ಧದವರೆಗೆ ಮಾಳಿಗೆಯಿಂದ ಮುಚ್ಚಿಹೋಗಿತ್ತು, ಹೊಟ್ಟೆಯ ಮೇಲೆ ಹೊರಳಿ ಹೊರಗೆ ಬಿದ್ದೆ. ಹೊರಗೆ ಹೊತ್ತು ಇನ್ನೂ ಬೇವಿನ ಮರದ ತುದಿಯಲ್ಲಿತ್ತು. ದಾವಲಸಾಬನ ಪಕ್ಕ ಹೋಗಿ ನಿಂತೆ. ಕೋಣೆಯಿಂದ ಮಣ್ಣು ಉದುರಿದ ಸದ್ದು ಬಂತು, ಮಾಳಿಗೆ ಒಂದಿಷ್ಟು ಏರಿತೆಂದು ಕಾಣುತ್ತದೆ. ಆದರೆ ಅಷ್ಟರಲ್ಲಿ ದಿವಾಣಜಿ ಕೆಮ್ಮುತ್ತ ಹೊರಗೆ ಬಂದ. ಟೊಪ್ಪಿಗೆಯ ಮಣ್ಣು ಝಾಡಿಸಿ, ನಮ್ಮಿಬ್ಬರಿಗೂ ಕೈಮುಗಿದು ಹೋದ.

ರುದ್ರವ್ವ ಒಳಗೆ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತಿದ್ದಳು. ಕೈಗಳು ಬೆನ್ನ ಹಿಂದೆ ಇದ್ದವು.

ಗೂಳಪ್ಪ ಮೈಸೂರಪಾಕ ತಂದಿದ್ದ. ಯಾರೂ ತಿನ್ನಲಿಲ್ಲ, ಇರುವೆ ಹತ್ತಿತು.

ಜೋಳಿಗೆಗಳನ್ನು ಮರುದಿನವೇ ಬಿಚ್ಚಿದರು. ಕಂಬಗಳಲ್ಲಿ ಹಗ್ಗ ಸವೆಸಿದ ಗುರುತು ಉಳಿಯಿತು. ಕೂಸಿದ್ದವರಲ್ಲಿ ಕೆಲವರು ಕೆಲಸ ಬಿಟ್ಟರು, ಕೆಲವರು ಹಾಲು ಬಿಡಿಸಿದರು. ರುದ್ರವ್ವ ಚಂಪಿಯನ್ನು ತವರಿಗೆ ಕಳಿಸಿದಳು, ಹಾಲು ಬತ್ತಲೆಂದು ಎದೆಗೆ ಎಲೆಕೋಸಿನ ಎಲೆ ಕಟ್ಟಿಕೊಂಡು ಕೆಲಸಕ್ಕೆ ಬಂದಳು. ಅವಳನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಇರಲಿ ಬಿಡವಾ, ನೀ ಏನ ಮಾಡ್ತಿ," ಎಂದರು. ಹಾಗೆ ಅಂದಾಗೆಲ್ಲ ಅವಳು ರಾಶಿಯಿಂದ ತಲೆಯೆತ್ತದೆ, "ನಾ ಮಾಡಿದ್ದs ಅದು. ನಿಮ್ಮನ್ನ ಮನೀಗೆ ಕಳಿಸಿದ್ದು," ಎನ್ನುತ್ತಿದ್ದಳು. ಕೇಳಿದವರು ತಮಾಷೆಯೆಂದುಕೊಂಡರೋ ಏನೋ, ಮಾತು ಬದಲಿಸುತ್ತಿದ್ದರು.

ಮುಂದಿನ ಕರಾರಿನ ಹೊತ್ತಿಗೆ ಅವಳು ಮನೆಮನೆಗೆ ಹೋದಳು. ನಾನೂ ಜೋಡಿಗಿದ್ದೆ. ಯಾರೂ ಬಾಗಿಲು ಹಾಕಲಿಲ್ಲ. ಎಲ್ಲರೂ ಕೂರಿಸಿ ಮಂಡಕ್ಕಿ ಕೊಟ್ಟರು. "ರಜಾ ದಿವಸ ನೋಡವಾ, ಮಗಳ ಮನೀಗೆ ಹೋಗೂದೈತಿ," ಎಂದಳೊಬ್ಬಳು. "ನಮ್ಮ ಮನಿಯಿಂದ ಒಬ್ಬರು ಬಂದ್ರ ಏನಾಗತೈತಿ?" ಎಂದ ಇನ್ನೊಬ್ಬ. ಕಡೆಯ ಮನೆಯ ಹೆಂಗಸು ನಗುತ್ತ ಅವಳ ಗಲ್ಲ ಹಿಡಿದು, "ಯಾಕ ಇಷ್ಟ ತಿರಗತಿ? ನೀ ಅದೀಯಲ್ಲ," ಎಂದಳು.

ರುದ್ರವ್ವ ಮಂಡಕ್ಕಿಯ ತಟ್ಟೆ ಕೆಳಗಿಟ್ಟಳು.

ಸಂಘದ ಸಭೆಯಲ್ಲಿ ಗೂಳಪ್ಪ ಹೊಸ ಉಪಾಯ ತಂದ. ರುದ್ರವ್ವನಿಗಿಂತ ಗಿಡ್ಡ ಇದ್ದವರು ಊರಲ್ಲಿ ಇಲ್ಲ, ಮಕ್ಕಳನ್ನು ಕಳಿಸಲಿಕ್ಕೆ ಬರುವುದಿಲ್ಲ. ಆದ್ದರಿಂದ ಪದ್ಧತಿಯನ್ನೇ ಬದಲಿಸೋಣ. ಕೂತರೆ ಒಪ್ಪಿದಂತೆ ಎನ್ನುವುದನ್ನು ತೆಗೆದುಬಿಟ್ಟರೆ ನಮ್ಮವರೂ ಗಾದಿಯ ಮೇಲೆ ಕೂತು ಆರಾಮಾಗಿ ಮಾತಾಡಬಹುದು, ಯಾರ ತಲೆಯೂ ಬಗ್ಗಬೇಕಿಲ್ಲ. ಬಂದ ನಾಲ್ಕು ಜನ ಕೈಯೆತ್ತಿದರು. ದಿವಾಣಜಿ ಕೇಳಿದ ತಕ್ಷಣ ಒಪ್ಪಿದ, ಇನ್ನೊಂದು ಗಾದಿ, ಇನ್ನೊಂದು ಲೋಡು ಹೊಲಿಸಿದ. ಚಾ ಕೂಡ ತಾನೇ ತರಿಸುತ್ತೇನೆಂದ. ಮಾತಾಡಲು ಗೂಳಪ್ಪನೇ ಹೋಗುವುದೆಂದಾಯಿತು. ಚಾ ಬರುವುದರಿಂದ ನೀರಿನವಳು ಬೇಡವೆಂದರು.

ಹಾಗಾಗಿ ಆ ವರ್ಷ ನಾನು ಅಂಗಳದಲ್ಲಿದ್ದೆ. ರುದ್ರವ್ವನೂ ಇದ್ದಳು, ತವರಿಂದ ಕರೆಸಿದ ಚಂಪಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು. ಆ ಚಳಿಯಲ್ಲಿ ದಾವಲಸಾಬ ತೀರಿಹೋಗಿದ್ದ. ಅವನು ನಿಲ್ಲುತ್ತಿದ್ದ ಜಾಗದಲ್ಲಿ ಅವನ ಕೋಲನ್ನು ಊರಿಟ್ಟರೆ ಹೇಗೆ ಎಂದು ನಾನು ಕೇಳಿದೆ. "ಅಂಗಿ ಚಪ್ಪಲಿ ನಡಿಯಲಿಲ್ಲ, ಕೋಲು ನಡೀತೈತೇನಕ್ಕಾ," ಎಂದಳು. ಅವಳ ಕುತ್ತಿಗೆ ಆ ಕೋಣೆಯಿಂದ ಬಂದ ಮೇಲೆ ಒಂದು ಕಡೆ ವಾಲಿತ್ತು, ನೆಟ್ಟಗಾಗಲೇ ಇಲ್ಲ. ಇಡೀ ಅಂಗಳಕ್ಕೆ ನಾವಿಬ್ಬರು ಮತ್ತು ಕೂಸು. ಬಿಸಿಲು ಏರಿತು. ಗೇಟಿನಾಚೆ ಸಂತೆಗೆ ಹೋಗುವವರು ನಮ್ಮನ್ನು ನೋಡಿ ಕೈಯೆತ್ತಿ ಹೋದರು. "ಹೊರಗ ನಿಂತ್ರ ಲೆಕ್ಕಕ್ಕ ನಾನೂ ಕಾಕಾನಷ್ಟs ಉದ್ದ," ಎಂದಳು ರುದ್ರವ್ವ, ನನಗಲ್ಲ, ಚಂಪಿಗೆ.

ಚಾದ ಪಾರವ್ವ ಕಿಟ್ಲಿ ಹಿಡಿದು ಒಳಗೆ ತೆವಳಿ ಹೋದವಳು ಸ್ವಲ್ಪ ಹೊತ್ತಿಗೆ ತೆವಳಿಕೊಂಡೇ ಹೊರಗೆ ಬಂದಳು. ಮೊಣಕಾಲಿನ ಧೂಳು ಕೊಡವುತ್ತ ಗೊಣಗಿದಳು, "ಬೈಸ್ಕೊಂಡೆ. ಚಾದಾಗ ಮ್ಯಾಲಿಂದ ಮಣ್ಣ ಬಿದ್ದೈತಿ. ಒಳಗ ಆರಾಮ ಕುಂತಾರ, ಏನೂ ಕಾರಣ ಇಲ್ಲದs ಜಂತಿ ಒಂಚೂರು ಮ್ಯಾಲಕ್ಕ ಅಳ್ಳಾಡಿದ್ವು. ದಿವಾಣಜಿ ಮ್ಯಾಲೆ ನೋಡಿ, ಮುಂದಿನ ಸಲ ಕಪ್ಪಿನ ಮ್ಯಾಲೆ ಬಸಿ ಮುಚ್ಚಿ ತಾ ಅಂದ."

ರುದ್ರವ್ವ ಕೂಸನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿದಳು.

"ಎಷ್ಟ ಬಿತ್ತು?" ಎಂದಳು.

ಪಾರವ್ವ ಹೆಬ್ಬೆರಳು ತೋರುಬೆರಳು ಕೂಡಿಸಿ ತೋರಿಸಿದಳು. ಚಿಟಿಕೆಯಷ್ಟು.

ರುದ್ರವ್ವ ಆ ಬೆರಳುಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಖಾಲಿ ಅಂಗಳವನ್ನು ಗೇಟಿನಿಂದ ಬೇವಿನ ಮರದವರೆಗೆ, ಬೇವಿನ ಮರದಿಂದ ಚಪ್ಪರದವರೆಗೆ ನೋಡಿ, ಇನ್ನೊಬ್ಬರಿಗೆ ಜಾಗ ಬಿಡುವವಳಂತೆ ನನ್ನ ಕಡೆಗೆ ಒಂದಿಷ್ಟು ಸರಿದು ನಿಂತಳು.